ನ್ಯಾಯೋಚಿತ ಮೌಲ್ಯ ಮಾಪನ

ನ್ಯಾಯೋಚಿತ ಮೌಲ್ಯ ಮಾಪನ ಎಂಬುದು ಕಂಪನಿಯೊಂದು ತನ್ನ ಆಸ್ತಿಗಳಿಗೂ ಹೊಣೆಗಾರಿಕೆಗಳಿಗೂ ಮಾರುಕಟ್ಟೆಯ ಆಧಾರದ ಮೇಲೆ ಬೆಲೆ ಕಟ್ಟುವ ಲೆಕ್ಕಶಾಸ್ತ್ರದ ವಿಧಾನವಾಗಿದೆ. ಷೇರು, ಸಾಲಪತ್ರ, ಮ್ಯೂಚುವಲ್ ಫಂಡ್ ಯೂನಿಟ್, ವಾಯಿದಾ ಒಪ್ಪಂದ ಮೊದಲಾದ ಹಣಕಾಸು ಆಸ್ತಿಗಳ ವಿಷಯದಲ್ಲಿ ಇದರ ಬಳಕೆ ಹೆಚ್ಚು. ಭಾರತದಲ್ಲಿ ಇದಕ್ಕೆ ಸಂಬಂಧಿಸಿದ ನಿಯಮಗಳು ಇಂಡ್ ಎಎಸ್ 113 ಎಂಬ ಲೆಕ್ಕಪತ್ರ ಮಾನದಂಡದಲ್ಲಿವೆ. ಇದು 2011ರ ಮೇ ತಿಂಗಳಲ್ಲಿ ಪ್ರಕಟವಾಗಿ 2013ರ ಜನವರಿ 1ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 13ನ್ನು ಆಧರಿಸಿದೆ.

ವ್ಯಾಖ್ಯೆ

ಮಾಪನದ ದಿನದಂದು, ಮಾರುಕಟ್ಟೆಯ ಭಾಗಿಗಳ ನಡುವೆ ಕ್ರಮಬದ್ಧವಾಗಿ ನಡೆಯುವ ವ್ಯವಹಾರದಲ್ಲಿ ಆಸ್ತಿಯನ್ನು ಮಾರಿದರೆ ದೊರೆಯಬಹುದಾದ ಅಥವಾ ಹೊಣೆಗಾರಿಕೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಕೊಡಬೇಕಾಗುವ ಬೆಲೆಯೇ ನ್ಯಾಯೋಚಿತ ಮೌಲ್ಯ. ಆದ್ದರಿಂದ ಇದು ಕೊಂಡ ಬೆಲೆಯಲ್ಲ, ಮಾರುವ ಬೆಲೆ. ಲೆಕ್ಕಶಾಸ್ತ್ರದಲ್ಲಿ ಇದನ್ನು ನಿರ್ಗಮನ ಬೆಲೆ ಎನ್ನುತ್ತಾರೆ. ಆಸ್ತಿಯನ್ನು ಮಾರುವ ಉದ್ದೇಶ ಕಂಪನಿಗೆ ಇದೆಯೇ ಇಲ್ಲವೇ ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಆಸ್ತಿಗಾಗಿ ಹಿಂದೆ ಮಾಡಿದ ವೆಚ್ಚವೂ ಮುಂದೆ ಬೆಲೆ ಏರೀತೆಂಬ ಮಾಲೀಕನ ನಿರೀಕ್ಷೆಯೂ ಈ ಮೌಲ್ಯವನ್ನು ನಿರ್ಧರಿಸುವುದಿಲ್ಲ.

ಬ್ಯಾಡಗಿ ಮಾರುಕಟ್ಟೆಯ ನಿದರ್ಶನ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಒಣಮೆಣಸಿನಕಾಯಿ ಮಾರುಕಟ್ಟೆಯು ಈ ಪರಿಕಲ್ಪನೆಯನ್ನು ತಿಳಿಯಲು ಉತ್ತಮ ನಿದರ್ಶನವಾಗಿದೆ. ಗಾಢ ಕೆಂಪು ಬಣ್ಣ ಮತ್ತು ಕಡಿಮೆ ಖಾರಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಇಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮಾಲನ್ನು ರಾಶಿಗಳಾಗಿ ಪ್ರದರ್ಶಿಸಲಾಗುತ್ತದೆ. ಖರೀದಿದಾರರು ಇ-ಟೆಂಡರ್ ಮೂಲಕ ದರ ನಮೂದಿಸುತ್ತಾರೆ. ಅನೇಕ ಮಾರಾಟಗಾರರು ಮತ್ತು ಅನೇಕ ಖರೀದಿದಾರರು ಸೇರುವುದರಿಂದ ಇಲ್ಲಿ ಮೂಡುವ ದರವು ಯಾರೊಬ್ಬರ ಅಂದಾಜೂ ಅಲ್ಲ.

ಮೆಣಸಿನಕಾಯಿಯು ಹಣಕಾಸು ಆಸ್ತಿಯಲ್ಲ. ಆದರೂ ಕೃಷಿಗೆ ಸಂಬಂಧಿಸಿದ ಇಂಡ್ ಎಎಸ್ 41ರ ಪ್ರಕಾರ, ಆ ಮಾನದಂಡ ಅನ್ವಯವಾಗುವ ಕಂಪನಿಯು ತಾನು ಬೆಳೆದ ಫಸಲನ್ನು ಕೊಯ್ಲಿನ ಹಂತದಲ್ಲಿ, ನ್ಯಾಯೋಚಿತ ಮೌಲ್ಯದಿಂದ ಮಾರಾಟ ವೆಚ್ಚವನ್ನು ಕಳೆದು ಅಳೆಯಬೇಕು. ಇಂತಹ ಕಂಪನಿಯ ಹೊಲ ರಾಣೆಬೆನ್ನೂರಿನ ಬಳಿ ಇದೆ ಎಂದು ಭಾವಿಸೋಣ. ಬ್ಯಾಡಗಿಯಲ್ಲಿ ಕ್ವಿಂಟಲ್ ದರ ₹18,000, ಸಾಗಣೆ ವೆಚ್ಚ ₹150 ಮತ್ತು ಮಾರಾಟದ ಇತರ ವೆಚ್ಚ ₹300 ಆಗಿದ್ದರೆ, ಹೊಲದಲ್ಲಿರುವ ಫಸಲಿನ ನ್ಯಾಯೋಚಿತ ಮೌಲ್ಯ ₹17,850 ಆಗುತ್ತದೆ. ಸರಕು ಇರುವ ಸ್ಥಳವು ಅದರ ಗುಣಲಕ್ಷಣವಾದ್ದರಿಂದ ಸಾಗಣೆ ವೆಚ್ಚವನ್ನು ಕಳೆಯಲಾಗುತ್ತದೆ. ವ್ಯವಹಾರ ವೆಚ್ಚವನ್ನು ಈ ಹಂತದಲ್ಲಿ ಕಳೆಯುವುದಿಲ್ಲ. ಅದನ್ನೂ ಕಳೆದಾಗ ಪುಸ್ತಕದಲ್ಲಿ ದಾಖಲಾಗುವ ಮೊತ್ತ ₹17,550.

ಪ್ರಧಾನ ಮಾರುಕಟ್ಟೆ

ಒಂದೇ ಆಸ್ತಿಗೆ ಹಲವು ಮಾರುಕಟ್ಟೆಗಳಿದ್ದಾಗ, ಕಂಪನಿಗೆ ಪ್ರವೇಶವಿರುವ ಮಾರುಕಟ್ಟೆಗಳಲ್ಲಿ ಅತಿ ಹೆಚ್ಚು ವಹಿವಾಟು ನಡೆಯುವುದನ್ನು ಪ್ರಧಾನ ಮಾರುಕಟ್ಟೆ ಎಂದು ಪರಿಗಣಿಸಲಾಗುತ್ತದೆ. ಬೇರೆಡೆ ಹೆಚ್ಚಿನ ಬೆಲೆ ಇದ್ದರೂ ಪ್ರಧಾನ ಮಾರುಕಟ್ಟೆಯ ಬೆಲೆಯನ್ನೇ ಬಳಸಬೇಕು. ಪ್ರಧಾನ ಮಾರುಕಟ್ಟೆ ಇಲ್ಲದಿದ್ದಾಗ ಮಾತ್ರ ಅತ್ಯಂತ ಲಾಭದಾಯಕ ಮಾರುಕಟ್ಟೆಯನ್ನು ಆಯ್ದುಕೊಳ್ಳಲಾಗುತ್ತದೆ.

ಮೌಲ್ಯದ ಶ್ರೇಣಿಗಳು

ಮಾಪನಕ್ಕೆ ಬಳಸುವ ಮಾಹಿತಿಯನ್ನು ಅದರ ವಿಶ್ವಾಸಾರ್ಹತೆಗೆ ಅನುಗುಣವಾಗಿ ಮೂರು ಹಂತಗಳಾಗಿ ವಿಂಗಡಿಸಲಾಗಿದೆ.

ಹಂತ 1: ತದ್ರೂಪಿ ಆಸ್ತಿಗೆ ಸಕ್ರಿಯ ಮಾರುಕಟ್ಟೆಯಲ್ಲಿರುವ, ಯಾವುದೇ ಹೊಂದಾಣಿಕೆ ಮಾಡದ ಬೆಲೆ. ಷೇರು ವಿನಿಮಯ ಕೇಂದ್ರದಲ್ಲಿ ದಿನವೂ ವಹಿವಾಟಾಗುವ ಷೇರು ಇದಕ್ಕೆ ಉದಾಹರಣೆ. ಕಂಪನಿಯ ಬಳಿ ಅಂತಹ ಷೇರುಗಳು ಎಷ್ಟೇ ದೊಡ್ಡ ಪ್ರಮಾಣದಲ್ಲಿದ್ದರೂ ಬೆಲೆಯನ್ನು ಸಂಖ್ಯೆಯಿಂದ ಗುಣಿಸಬೇಕು. ಒಮ್ಮೆಲೇ ಮಾರಿದರೆ ಬೆಲೆ ಇಳಿದೀತೆಂದು ಕಡಿತ ಮಾಡುವಂತಿಲ್ಲ.

ಹಂತ 2: ನೇರ ಬೆಲೆ ಇಲ್ಲದಿದ್ದರೂ ಮಾರುಕಟ್ಟೆಯಲ್ಲಿ ಗಮನಿಸಬಹುದಾದ ಮಾಹಿತಿ. ಸಮಾನ ಸ್ವರೂಪದ ಸಾಲಪತ್ರಗಳ ಬೆಲೆ, ಬಡ್ಡಿದರ, ವಿದೇಶಿ ವಿನಿಮಯ ದರ ಮೊದಲಾದವು ಇಲ್ಲಿ ಸೇರುತ್ತವೆ.

ಹಂತ 3: ಮಾರುಕಟ್ಟೆಯಲ್ಲಿ ಗಮನಿಸಲಾಗದ ಮಾಹಿತಿ. ನೋಂದಾಯಿತವಲ್ಲದ ಕಂಪನಿಯ ಷೇರಿಗೆ, ಅದರ ಮುಂದಿನ ಗಳಿಕೆಯ ಅಂದಾಜಿನಿಂದ ಬೆಲೆ ಕಟ್ಟುವುದು ಈ ಹಂತಕ್ಕೆ ಸೇರಿದೆ. ಇಲ್ಲಿ ಬಳಸಿದ ಊಹೆಗಳನ್ನು ಟಿಪ್ಪಣಿಗಳಲ್ಲಿ ವಿವರವಾಗಿ ಬಹಿರಂಗಪಡಿಸಬೇಕು.

ಮಾರುಕಟ್ಟೆ ಸಕ್ರಿಯವಾಗಿದ್ದ ಮಾತ್ರಕ್ಕೆ ಬೆಲೆಯು ಹಂತ 1ಕ್ಕೆ ಸೇರುವುದಿಲ್ಲ. ಒಂದು ಕಂಪನಿಯ ಒಂದು ಷೇರಿಗೂ ಅದೇ ವರ್ಗದ ಇನ್ನೊಂದು ಷೇರಿಗೂ ವ್ಯತ್ಯಾಸವಿಲ್ಲ. ಆದರೆ ಬ್ಯಾಡಗಿಯ ಡಬ್ಬಿ ಮತ್ತು ಕಡ್ಡಿ ತಳಿಗಳ ದರಗಳು ಬೇರೆ ಬೇರೆ. ಒಂದೇ ತಳಿಯಲ್ಲಿಯೂ ಬಣ್ಣ ಮತ್ತು ತೇವಾಂಶಕ್ಕೆ ತಕ್ಕಂತೆ ರಾಶಿಯಿಂದ ರಾಶಿಗೆ ದರ ಬದಲಾಗುತ್ತದೆ. ಇಂತಹ ವ್ಯತ್ಯಾಸಕ್ಕಾಗಿ ಮಾರುಕಟ್ಟೆ ದರವನ್ನು ಹೊಂದಿಸಿದಾಗ ಮಾಪನವು ಸಾಮಾನ್ಯವಾಗಿ ಹಂತ 2ಕ್ಕೆ ಇಳಿಯುತ್ತದೆ.

ಮೌಲ್ಯಮಾಪನದ ತಂತ್ರಗಳು

ಮಾರುಕಟ್ಟೆ ವಿಧಾನ, ವೆಚ್ಚ ವಿಧಾನ ಮತ್ತು ಆದಾಯ ವಿಧಾನ ಎಂಬ ಮೂರು ತಂತ್ರಗಳನ್ನು ಮಾನದಂಡವು ಗುರುತಿಸುತ್ತದೆ. ಹಣಕಾಸು ಆಸ್ತಿಗಳಿಗೆ ಆದಾಯ ವಿಧಾನದ ಬಳಕೆ ವ್ಯಾಪಕವಾಗಿದೆ. ಇದರಲ್ಲಿ ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸಲಾಗುತ್ತದೆ.

ಉದಾಹರಣೆಗೆ, ಕಂಪನಿಯೊಂದರ ಬಳಿ ₹10,00,000 ಮುಖಬೆಲೆಯ, ವಾರ್ಷಿಕ ಶೇ. 8ರ ಬಡ್ಡಿಯ, ಇನ್ನೆರಡು ವರ್ಷ ಅವಧಿಯ ಸಾಲಪತ್ರವಿದೆ. ಇದೇ ಅಪಾಯದ ಸಾಲಪತ್ರಗಳಿಗೆ ಮಾರುಕಟ್ಟೆಯು ಈಗ ಶೇ. 10ನ್ನು ಬಯಸುತ್ತಿದ್ದರೆ, ಮೊದಲ ವರ್ಷದ ₹80,000ದ ಇಂದಿನ ಮೌಲ್ಯ ₹72,727. ಎರಡನೆಯ ವರ್ಷದ ₹10,80,000ದ ಇಂದಿನ ಮೌಲ್ಯ ₹8,92,562. ಒಟ್ಟು ನ್ಯಾಯೋಚಿತ ಮೌಲ್ಯ ₹9,65,289. ಸಾಲಗಾರನು ಒಂದು ಕಂತನ್ನೂ ತಪ್ಪಿಸದಿದ್ದರೂ ಸಾಲಪತ್ರದ ಮೌಲ್ಯ ಇಳಿದಿರುವುದನ್ನು ಇಲ್ಲಿ ಕಾಣಬಹುದು.

ಹಣಕಾಸು ಆಸ್ತಿಗಳ ವರ್ಗೀಕರಣ

ಎಲ್ಲ ಹಣಕಾಸು ಆಸ್ತಿಗಳನ್ನೂ ನ್ಯಾಯೋಚಿತ ಮೌಲ್ಯದಲ್ಲಿ ದಾಖಲಿಸುವುದಿಲ್ಲ. ಇಂಡ್ ಎಎಸ್ 109ರ ಪ್ರಕಾರ, ಅಸಲು ಮತ್ತು ಬಡ್ಡಿಯನ್ನಷ್ಟೇ ವಸೂಲು ಮಾಡಲು ಇರಿಸಿಕೊಂಡ ಸಾಲಗಳು ಭೋಗ್ಯ ವೆಚ್ಚದಲ್ಲಿರುತ್ತವೆ. ವಸೂಲಿ ಮತ್ತು ಮಾರಾಟ ಎರಡೂ ಉದ್ದೇಶಗಳಿಗೆ ಇರಿಸಿಕೊಂಡಂಥವುಗಳ ಮೌಲ್ಯದ ಏರಿಳಿತವು ಇತರ ಸಮಗ್ರ ಆದಾಯದಲ್ಲಿಯೂ ಉಳಿದವುಗಳ ಏರಿಳಿತವು ಲಾಭ-ನಷ್ಟ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಶೈತ್ಯಾಗಾರದಲ್ಲಿರಿಸಿದ ಮೆಣಸಿನಕಾಯಿಯ ಅಡಮಾನದ ಮೇಲೆ ಹಣಕಾಸು ಕಂಪನಿಯು ಕೊಟ್ಟ ಸಾಲವು ಸಾಮಾನ್ಯವಾಗಿ ಮೊದಲ ವರ್ಗಕ್ಕೆ ಸೇರುತ್ತದೆ. ಆದರೂ ಮೆಣಸಿನಕಾಯಿಯ ದರ ಕುಸಿದರೆ ಅಡಮಾನದ ಮೌಲ್ಯ ತಗ್ಗುತ್ತದೆ. ಸಾಲ ಮುಳುಗಬಹುದೆಂಬ ಅಂದಾಜಿಗೆ ಹೆಚ್ಚು ಹಣ ಮೀಸಲಿಡಬೇಕಾಗಬಹುದು.

ಹೊಣೆಗಾರಿಕೆಗಳು

ಹೊಣೆಗಾರಿಕೆಯ ಮೌಲ್ಯದಲ್ಲಿ ಕಂಪನಿಯು ಅದನ್ನು ತೀರಿಸದಿರುವ ಅಪಾಯವೂ ಸೇರಿರುತ್ತದೆ. ಇದರಿಂದ ಕಂಪನಿಯ ಆರ್ಥಿಕ ಸ್ಥಿತಿ ಹದಗೆಟ್ಟಾಗ ಅದರ ಸಾಲದ ನ್ಯಾಯೋಚಿತ ಮೌಲ್ಯ ಇಳಿದು ಲಾಭವಾದಂತೆ ತೋರುವ ವಿಚಿತ್ರ ಸನ್ನಿವೇಶ ಉಂಟಾಗುತ್ತದೆ. ಆದ್ದರಿಂದ, ಕಂಪನಿಯೇ ನ್ಯಾಯೋಚಿತ ಮೌಲ್ಯಕ್ಕೆ ಆಯ್ದುಕೊಂಡ ಹೊಣೆಗಾರಿಕೆಗಳಲ್ಲಿ ಇಂತಹ ಲಾಭವನ್ನು ಸಾಮಾನ್ಯವಾಗಿ ಇತರ ಸಮಗ್ರ ಆದಾಯದಲ್ಲಿ ತೋರಿಸಲಾಗುತ್ತದೆ. ಬೇಡಿಕೆಯ ಠೇವಣಿಯ ಮೌಲ್ಯವು, ಕೇಳಿದೊಡನೆ ಕೊಡಬೇಕಾದ ಮೊತ್ತಕ್ಕಿಂತ ಕಡಿಮೆ ಇರುವಂತಿಲ್ಲ.

ಭಾರತದಲ್ಲಿ ಅನ್ವಯ

ಇಂಡ್ ಎಎಸ್ ಮಾನದಂಡಗಳನ್ನು 2015ರ ಫೆಬ್ರವರಿಯಲ್ಲಿ ಅಧಿಸೂಚಿಸಲಾಯಿತು. ₹500 ಕೋಟಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯದ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದ ಇವು ಕಡ್ಡಾಯವಾದವು. ಮರುವರ್ಷ ಉಳಿದ ನೋಂದಾಯಿತ ಕಂಪನಿಗಳಿಗೂ ₹250 ಕೋಟಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯದ ಇತರ ಕಂಪನಿಗಳಿಗೂ ವಿಸ್ತರಣೆಗೊಂಡವು. ಬ್ಯಾಂಕುಗಳಿಗೆ ಇವುಗಳ ಅನ್ವಯವನ್ನು ಭಾರತೀಯ ರಿಸರ್ವ್ ಬ್ಯಾಂಕ್ 2019ರಲ್ಲಿ ಮುಂದೂಡಿತು. ಆದರೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅದರ ನಿರ್ದೇಶನಗಳು ವಾಣಿಜ್ಯ ಬ್ಯಾಂಕುಗಳ ಹೂಡಿಕೆಗಳಿಗೆ ಮೂರು ಹಂತಗಳ ಶ್ರೇಣಿಯನ್ನು ಅಳವಡಿಸಿವೆ. ಪಾಲುದಾರಿಕೆಯ ದಲಾಲಿ ಅಂಗಡಿಗಳು ಮತ್ತು ಸಹಕಾರ ಸಂಘಗಳು ಕಂಪನಿಗಳಲ್ಲವಾದ್ದರಿಂದ ಇಂಡ್ ಎಎಸ್ ವ್ಯಾಪ್ತಿಗೆ ಬರುವುದಿಲ್ಲ.

ಮಿತಿಗಳು ಮತ್ತು ಟೀಕೆ

ನ್ಯಾಯೋಚಿತ ಮೌಲ್ಯವು ಒಂದು ದಿನದ ಬೆಲೆಯಾಗಿದೆ. 2008ರ ಜಾಗತಿಕ ಆರ್ಥಿಕ ಬಿಕ್ಕಟ್ಟಿನಲ್ಲಿ ಕುಸಿದ ಬೆಲೆಗಳನ್ನು ಪುಸ್ತಕಕ್ಕೆ ತರುವುದೇ ನಷ್ಟವನ್ನು ಉಲ್ಬಣಗೊಳಿಸಿತು ಎಂಬ ಟೀಕೆ ಕೇಳಿಬಂತು. ನಷ್ಟವನ್ನು ಮರೆಮಾಚದೆ ತೋರಿಸಿದ್ದೇ ಅದರ ಪ್ರಯೋಜನ ಎಂಬುದು ಸಮರ್ಥಕರ ವಾದವಾಗಿದೆ.

ಬೆಲೆ ಕುಸಿತದ ಪರಿಣಾಮವನ್ನು ಬ್ಯಾಡಗಿಯೂ ಕಂಡಿದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಇಳಿದುದರಿಂದ ಆಕ್ರೋಶಗೊಂಡ ರೈತರು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ದಾಳಿ ನಡೆಸಿ ವಾಹನಗಳಿಗೆ ಬೆಂಕಿ ಹಚ್ಚಿದರು. ಇಂತಹ ಸಂದರ್ಭಗಳಲ್ಲಿ ಮಾನದಂಡವು ಕೇಳುವುದು, ವ್ಯವಹಾರವು ಕ್ರಮಬದ್ಧವಾಗಿತ್ತೇ ಎಂಬ ಪ್ರಶ್ನೆಯನ್ನು. ಒತ್ತಾಯದ ಮಾರಾಟದ ಬೆಲೆಗೆ ಮಾಪನದಲ್ಲಿ ಹೆಚ್ಚಿನ ಮಹತ್ವವಿಲ್ಲ. ಆದರೆ ಬೆಲೆ ಇಳಿದ ಮಾತ್ರಕ್ಕೆ ವ್ಯವಹಾರ ಒತ್ತಾಯದ್ದಾಗುವುದಿಲ್ಲ. ಬೆಳೆಗಾರನು ನ್ಯಾಯಯುತ ಬೆಲೆ ಎನ್ನುವಾಗ ಬೀಜ, ಗೊಬ್ಬರ, ಕೂಲಿಯ ವೆಚ್ಚಗಳು ಅವನ ಲೆಕ್ಕದಲ್ಲಿರುತ್ತವೆ. ಲೆಕ್ಕಶಾಸ್ತ್ರದ ನ್ಯಾಯೋಚಿತ ಮೌಲ್ಯದಲ್ಲಿ ಅವು ಸೇರುವುದಿಲ್ಲ. ಅಂದಿನ ಮಾರುಕಟ್ಟೆ ಎಷ್ಟು ಕೊಡುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ.