ಕಾಲೇಜು ದೈಹಿಕ ಶಿಕ್ಷಣ ನಿರ್ದೇಶಕ (ಚಳ್ಳಕೆರೆ–ಮೊಳಕಾಲ್ಮೂರು)

ಪದವಿ ಕಾಲೇಜಿನಲ್ಲಿ ಆಟೋಟಗಳ ತರಬೇತಿ, ತಂಡದ ಆಯ್ಕೆ, ಕ್ರೀಡಾಕೂಟದ ವ್ಯವಸ್ಥೆ ಹಾಗೂ ಆಟಗಾರರ ಆರೈಕೆಯ ಹೊಣೆ ಹೊತ್ತ ಹುದ್ದೆ. ವಿದ್ಯಾರ್ಥಿಗಳ ಬಾಯಲ್ಲಿ ‘ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಸರ್’. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ತರಬೇತುದಾರ, ತಂಡದ ವ್ಯವಸ್ಥಾಪಕ, ಪ್ರಥಮ ಚಿಕಿತ್ಸಕ ಎಲ್ಲವೂ ಇವರೇ.

ಬ್ರಿಟಿಷರ ಕಾಲದಲ್ಲಿ ಕವಾಯತು ಕಲಿಸಲು ಹೆಚ್ಚಾಗಿ ನಿವೃತ್ತ ಸೈನಿಕರನ್ನು ನೇಮಿಸುತ್ತಿದ್ದರು. ‘ಡ್ರಿಲ್ ಮೇಷ್ಟ್ರು’ ಎಂಬ ಹೆಸರು ಬಂದದ್ದು ಹೀಗೆ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದ ಮೇಲೆ ದಕ್ಷಿಣ ಭಾರತದಲ್ಲಿ ಈ ವೃತ್ತಿಗೆ ಕ್ರಮಬದ್ಧ ಶಿಕ್ಷಣ ದೊರೆಯಿತು. 1957ರಲ್ಲಿ ಗ್ವಾಲಿಯರ್‌ನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು, 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದವು. ಪಟಿಯಾಲದಲ್ಲಿ ಕಲಿತವರು ಒಂದೊಂದು ಆಟದ ಕೋಚ್ ಆದರು, ಕಾಲೇಜಿನ ಪಿ.ಡಿ. ಮಾತ್ರ ಎಲ್ಲ ಆಟಗಳಿಗೂ ಒಬ್ಬರೇ ಆಗಿ ಉಳಿದರು.

ಹುದ್ದೆಯ ಸ್ಥಾನಮಾನ ಏರಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) ನಿಯಮಗಳಿಂದ. ಈಗ ದೈಹಿಕ ಶಿಕ್ಷಣದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ನೆಟ್ ಇಲ್ಲವೇ ಸೆಟ್ ಅರ್ಹತಾ ಪರೀಕ್ಷೆಯ ತೇರ್ಗಡೆ ಅಥವಾ ಪಿಎಚ್.ಡಿ., ಜೊತೆಗೆ ಕ್ರೀಡಾ ಸಾಧನೆಯ ದಾಖಲೆ ಬೇಕು. ದೇಹದಾರ್ಢ್ಯ ಪರೀಕ್ಷೆಯೂ ಉಂಟು: 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಕ್ರಮಿಸಬೇಕು.

ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು, 1987ರ ನಂತರ ಕುವೆಂಪು, 2009ರ ನಂತರ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ವಿಶ್ವವಿದ್ಯಾಲಯ ತಂಡದ ಆಯ್ಕೆಯ ದಾರಿಯೂ ಅದರಂತೆ ಮೈಸೂರಿನಿಂದ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ, ಅಲ್ಲಿಂದ ದಾವಣಗೆರೆ ವಿಶ್ವವಿದ್ಯಾಲಯವಿರುವ ತೋಳಹುಣಸೆಗೆ ತಿರುಗಿತು. ಅರ್ಹತಾ ಪತ್ರ ತುಂಬಿ ಪ್ರಾಂಶುಪಾಲರ ಸಹಿ ಹಾಕಿಸುವುದು, ಪ್ರಯಾಣ ಭತ್ಯೆಯ ಲೆಕ್ಕ ಒಪ್ಪಿಸುವುದು, ಪಂದ್ಯದ ದಿನ ಸುಣ್ಣದ ಪುಡಿಯಿಂದ 27 ಮೀಟರ್ ಉದ್ದ, 16 ಮೀಟರ್ ಅಗಲದ ಖೋ ಖೋ ಅಂಕಣ ಬರೆಯಿಸುವುದು, ಎಲ್ಲವೂ ಪಿ.ಡಿ. ಕೆಲಸವೇ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಬಿಸಿಲು ಏರುವ ಮುನ್ನ ಅಥವಾ ಇಳಿದ ಮೇಲೆ ಅಭ್ಯಾಸ ನಡೆಸುವುದೇ ಕ್ಷೇಮ.

ಗಟ್ಟಿ ನೆಲದಲ್ಲಿ ಡೈವ್ ಹೊಡೆದ ಖೋ ಖೋ ಆಟಗಾರರ ಮಂಡಿ, ಮೊಣಕೈ ತರಚುತ್ತವೆ. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕ ರೈಡರ್‌ನ ಕಾಲು ಉಳುಕುತ್ತದೆ. ಗಾಯ ತೊಳೆದು ಕಟ್ಟುವುದು, ಮಂಜುಗಡ್ಡೆ ಇಡುವುದು, ಆಟ ಮುಂದುವರಿಸಬಹುದೇ ಎಂದು ತೀರ್ಮಾನಿಸುವುದು ಪಿ.ಡಿ. ಪಾಲಿಗೇ ಬರುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೆಂದೇ ‘ಅಥ್ಲೆಟಿಕ್ ಟ್ರೇನರ್’ ಇರುತ್ತಾರೆ. ಅವರ ರಾಷ್ಟ್ರೀಯ ಸಂಘ 1950ರಲ್ಲೇ ಸ್ಥಾಪನೆಯಾಯಿತು. ಭಾರತದಲ್ಲಿ ಇಂಥ ಕೆಲಸ ದೊಡ್ಡ ತಂಡಗಳ ಮಟ್ಟದಲ್ಲಿ ಫಿಸಿಯೋಥೆರಪಿಸ್ಟರದು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಫಿಸಿಯೋಥೆರಪಿ ಪದವಿ ಇದ್ದರೂ ಪ್ರಥಮ ದರ್ಜೆ ಕಾಲೇಜುಗಳ ಹುದ್ದೆಗಳ ಸಾಲಿಗೆ ಆ ವೃತ್ತಿ ಸೇರಿಲ್ಲ.

ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎಡ್. ಪಠ್ಯದಲ್ಲಿ ಕ್ರೀಡಾ ವೈದ್ಯಕೀಯ ಒಂದು ವಿಷಯ. ಆದರೆ ನೇಮಕಾತಿಯ ಅರ್ಹತೆಗಳಲ್ಲಿ ಪ್ರಥಮ ಚಿಕಿತ್ಸೆಯ ಪ್ರತ್ಯೇಕ ಪ್ರಮಾಣಪತ್ರವಿಲ್ಲ. ಅಭ್ಯರ್ಥಿ ಎಷ್ಟು ದೂರ ಓಡಬಲ್ಲನೆಂದು ನಿಯಮ ಅಳೆಯುತ್ತದೆ, ಬಿದ್ದವನನ್ನು ಹೇಗೆ ಎತ್ತಬಲ್ಲನೆಂದು ಅಳೆಯುವುದಿಲ್ಲ. ತಾಲ್ಲೂಕು ಕಾಲೇಜುಗಳ ಮಟ್ಟಿಗೆ ಈ ಹುದ್ದೆಯ ದೊಡ್ಡ ಕೊರತೆ ಇದೇ.