ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಾನು ಅಮೆರಿಕಕ್ಕೆ ಬಂದ ವರ್ಷ ನನ್ನ ಪೆಟ್ಟಿಗೆಯಲ್ಲಿ ಎರಡು ಬಗೆಯ ಸಿನಿಮಾ ಡಿಸ್ಕ್‌ಗಳಿದ್ದವು. ಮೊದಲ ಬಗೆಯವು ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕಿಸಿ ಕೊಂಡಿದ್ದ ಹಾಲಿವುಡ್ ಚಿತ್ರಗಳ ಅಸಲಿ ಡಿವಿಡಿಗಳು. ಎರಡನೆಯದು, ನನ್ನ ಭಾವಮೈದುನ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಮೂವತ್ತು ರೂಪಾಯಿಗೆ ಕೊಂಡು, ನಾನು ಬೇಡ ಬೇಡವೆಂದರೂ ಪೆಟ್ಟಿಗೆಗೆ ತುರುಕಿದ್ದ ನಕಲಿ ವಿಸಿಡಿ.

ಇಲ್ಲಿ ಕೊಂಡ ಹೊಸ ಲ್ಯಾಪ್‌ಟಾಪಿಗೆ ಒಂದು ಶನಿವಾರ ರಾತ್ರಿ ಅಸಲಿ ಡಿವಿಡಿ ಹಾಕಿದೆ. ಅದು ಓಡಲಿಲ್ಲ. ಈ ಡಿಸ್ಕ್ ಬೇರೆ ಪ್ರದೇಶದ್ದು, ಡ್ರೈವಿನ ಪ್ರದೇಶವನ್ನು ಬದಲಿಸಬಹುದು, ಆದರೆ ಒಟ್ಟು ಐದೇ ಬಾರಿ, ಆಮೇಲೆ ಕೊನೆಯದೇ ಶಾಶ್ವತ ಎಂದು ಪರದೆಯ ಮೇಲೆ ಎಚ್ಚರಿಕೆ ಬಂತು. ಡಿಸ್ಕ್ ತೆಗೆದು ಭಾವಮೈದುನನ ವಿಸಿಡಿ ಹಾಕಿದೆ. ಒಂದು ಮಾತಿಲ್ಲದೆ ಸಿನಿಮಾ ಶುರುವಾಯಿತು.

ವೃತ್ತಿಯಿಂದ ನಾನು ಲೆಕ್ಕಪರಿಶೋಧಕ. ಬಿಲ್ ಇರುವ ಮಾಲು ಮೂಲೆ ಸೇರಿ, ಬಿಲ್ ಇಲ್ಲದ ಮಾಲು ಓಡಿದ ಆ ಲೆಕ್ಕ ನನ್ನ ತಲೆಯಲ್ಲಿ ಬಹಳ ದಿನ ಕೊರೆಯುತ್ತಿತ್ತು. ಇದು ಹೀಗೇಕಾಯಿತು ಎಂದು ಹಿಂದಕ್ಕೆ ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಹೊಸ ಯಂತ್ರಕ್ಕೆ ಹಳೆ ವ್ಯಾಪಾರ ಹೆದರುವುದು ಹೊಸದೇನಲ್ಲ. ರಂಧ್ರ ಕೊರೆದ ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೋ ಮತ್ತು ಗ್ರಾಮೋಫೋನು ಬಂದಾಗ, ಅಮೆರಿಕದ ಹೆಸರಾಂತ ಬ್ಯಾಂಡ್ ಸಂಯೋಜಕ ಜಾನ್ ಫಿಲಿಪ್ ಸೂಸಾ 1906ರಲ್ಲಿ ಯಾಂತ್ರಿಕ ಸಂಗೀತವೊಂದು ಪಿಡುಗು ಎಂದು ಲೇಖನ ಬರೆದ. ಅವನ ಅಳಲಿನಲ್ಲಿ ನ್ಯಾಯವಿತ್ತು, ಏಕೆಂದರೆ ಆ ಸುರುಳಿಗಳಿಂದ ಸಂಯೋಜಕನಿಗೆ ಬಿಡಿಗಾಸೂ ಬರುತ್ತಿರಲಿಲ್ಲ. ಸುರುಳಿಯು ಹಾಡಿನ ಪ್ರತಿಯೇ ಅಲ್ಲ ಎಂದು 1908ರಲ್ಲಿ ಸುಪ್ರೀಂ ಕೋರ್ಟು ಕೂಡ ಹೇಳಿಬಿಟ್ಟಿತು. ಮರುವರ್ಷವೇ ಸಂಸತ್ತು ಕಾಯಿದೆ ತಿದ್ದಿತು. ಯಾರು ಬೇಕಾದರೂ ಸುರುಳಿಯನ್ನೋ ರೆಕಾರ್ಡನ್ನೋ ಮಾಡಲಿ, ಆದರೆ ಪ್ರತಿಯೊಂದಕ್ಕೂ ಹಕ್ಕುದಾರನಿಗೆ ಎರಡು ಸೆಂಟ್ ಕೊಡಲಿ ಎಂಬುದು ಅದರ ಸಾರ. ಯಂತ್ರವೂ ಉಳಿಯಿತು, ಸಂಯೋಜಕನಿಗೆ ಕಾಸೂ ಬಂತು. ಮುಂದೆ ಇಷ್ಟು ಬೇಗ ಇಷ್ಟು ಸರಳವಾಗಿ ಜಗಳ ಬಗೆಹರಿದದ್ದು ಅಪರೂಪ.

ಎಪ್ಪತ್ತು ವರ್ಷದ ನಂತರದ ಜಗಳ ನೋಡಿ. 1975ರಲ್ಲಿ ಜಪಾನಿನ ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ವಿಡಿಯೋ ರೆಕಾರ್ಡರ್ ತಂದಿತು. ಟಿವಿಯಲ್ಲಿ ಬರುವ ಕಾರ್ಯಕ್ರಮವನ್ನು ಟೇಪಿಗೆ ಹಿಡಿದು, ಬಿಡುವಾದಾಗ ನೋಡಬಹುದಾಗಿತ್ತು. ಮರುವರ್ಷ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ಲಾಸ್ ಏಂಜಲೀಸ್‌ನಲ್ಲಿ ದಾವೆ ಹೂಡಿದವು. ಪ್ರತಿವಾದಿಗಳ ಪಟ್ಟಿಯಲ್ಲಿ ಸೋನಿಯ ಜತೆಗೆ, ಮನೆಯಲ್ಲಿ ಆ ಯಂತ್ರ ಇಟ್ಟುಕೊಂಡಿದ್ದ ಒಬ್ಬ ಸಾಮಾನ್ಯ ಗಿರಾಕಿಯ ಹೆಸರೂ ಇತ್ತು. ಅವನಿಂದ ಅವರು ಹಣ ಕೇಳಲಿಲ್ಲ ನಿಜ. ಆದರೂ ಗಿರಾಕಿಯನ್ನು ಕಟಕಟೆಗೆ ತರುವ ಚಾಳಿಯ ಬೀಜ ಅಲ್ಲಿ ಕಾಣುತ್ತದೆ.

ಮೊಕದ್ದಮೆ ಎಂಟು ವರ್ಷ ನಡೆಯಿತು. 1979ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಸೋನಿ ಗೆದ್ದಿತು, 1981ರಲ್ಲಿ ಮೇಲ್ಮನವಿಯಲ್ಲಿ ಸೋತಿತು. 1982ರಲ್ಲಿ ಚಿತ್ರ ನಿರ್ಮಾಪಕರ ಸಂಘದ ಮುಖ್ಯಸ್ಥ ಜ್ಯಾಕ್ ವ್ಯಾಲೆಂಟಿ ಸಂಸತ್ತಿನ ಸಮಿತಿಯ ಮುಂದೆ ಈ ಯಂತ್ರವನ್ನು, ಒಂಟಿ ಹೆಂಗಸರ ಕತ್ತು ಹಿಸುಕುತ್ತಿದ್ದ ಬಾಸ್ಟನ್ನಿನ ಕುಖ್ಯಾತ ಕೊಲೆಗಾರನಿಗೆ ಹೋಲಿಸಿದರು. 1984ರ ಜನವರಿ 17ರಂದು ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ತೀರ್ಪು ಕೊಟ್ಟಿತು: ಆಮೇಲೆ ನೋಡಲೆಂದು ಮನೆಯಲ್ಲಿ ಟೇಪಿಗೆ ಹಿಡಿಯುವುದು ತಪ್ಪಲ್ಲ, ನ್ಯಾಯವಾದ ಬಳಕೆ ಹೇರಳವಾಗಿರುವ ಯಂತ್ರವನ್ನು ಮಾರುವುದೂ ತಪ್ಪಲ್ಲ. ಒಂದು ಮತ ಆಚೀಚೆಯಾಗಿದ್ದರೆ ಆ ಯಂತ್ರದ ಗತಿ ಏನಾಗುತ್ತಿತ್ತೋ.

ಆಮೇಲೆ ಆದದ್ದು ತಮಾಷೆಯ ಸಂಗತಿ. ಕೊಲೆಗಾರ ಎನಿಸಿಕೊಂಡ ಯಂತ್ರ ಸ್ಟುಡಿಯೋಗಳಿಗೆ ಕಾಮಧೇನುವಾಯಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಚಿತ್ರಮಂದಿರದ ಟಿಕೆಟ್ಟಿಗಿಂತ ಮನೆ ವಿಡಿಯೋದ ವ್ಯಾಪಾರವೇ ದೊಡ್ಡದಾಗಿತ್ತು. ತಾವು ಸೋತ ಮೊಕದ್ದಮೆಯಿಂದ ಇಷ್ಟು ಲಾಭ ಮಾಡಿಕೊಂಡ ವಾದಿಗಳು ಬೇರೆ ಯಾರಿದ್ದಾರೆ?

ಇದರಿಂದ ಪಾಠ ಕಲಿಯಬೇಕಾಗಿದ್ದವರು ಸಂಗೀತದ ಕಂಪನಿಗಳು. ಕಲಿಯಲಿಲ್ಲ. ನಕಲು ಮಾಡಿದರೂ ಧ್ವನಿ ಕೆಡದ ಡಿಜಿಟಲ್ ಟೇಪ್ 1987ರಲ್ಲಿ ಬಂದಾಗ ಅದಕ್ಕೂ ಅಡ್ಡಗಾಲು ಹಾಕಿದವು. ಕಡೆಗೆ 1992ರ ಕಾಯಿದೆ ಬಂತು. ನಕಲಿನ ನಕಲು ಆಗದಂತೆ ಯಂತ್ರದೊಳಗೇ ತಡೆ ಇರಬೇಕು, ಡಿಜಿಟಲ್ ರೆಕಾರ್ಡರಿನ ಬೆಲೆಯ ಮೇಲೆ ಶೇಕಡಾ 2, ಖಾಲಿ ಟೇಪಿನ ಮೇಲೆ ಶೇಕಡಾ 3 ರಾಯಧನ ಕಟ್ಟಬೇಕು ಎಂದಾಯಿತು. ಮಗುವಿನ ತೊದಲು ಮಾತು ಹಿಡಿಯಲು ಖಾಲಿ ಟೇಪ್ ಕೊಂಡ ತಾಯಿಯೂ ಆ ಹೊರೆ ಹೊತ್ತಳು. ಅಷ್ಟು ಹೊತ್ತಿಗೆ ಮಾರುಕಟ್ಟೆಯ ಉತ್ಸಾಹ ತಣ್ಣಗಾಗಿತ್ತು, ಆ ಟೇಪ್ ಮನೆಮನೆಗೆ ಹೋಗಲೇ ಇಲ್ಲ.

ಅತ್ತ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಹಾಡನ್ನು ಸುಮಾರು ಹತ್ತನೆಯ ಒಂದು ಭಾಗಕ್ಕೆ ಕುಗ್ಗಿಸುವ ಎಂಪಿ3 ವಿಧಾನವನ್ನು ರೂಪಿಸುತ್ತಿದ್ದರು. 1998ರಲ್ಲಿ ರಿಯೋ ಎಂಬ ಪುಟ್ಟ ಪ್ಲೇಯರ್ ಮಾರುಕಟ್ಟೆಗೆ ಬಂತು. ಅದರ ಹೊಟ್ಟೆ 32 ಮೆಗಾಬೈಟ್, ಹತ್ತು ಹಾಡು ಹಿಡಿದರೆ ಹೆಚ್ಚು. ಅದರ ಮೇಲೂ ದಾವೆ ಬಿತ್ತು, ಮರುವರ್ಷ ಬಿದ್ದೂ ಹೋಯಿತು. ಅದೇ 1999ರಲ್ಲಿ ಕಾಲೇಜು ಹುಡುಗ ಶಾನ್ ಫ್ಯಾನಿಂಗ್ ನ್ಯಾಪ್‌ಸ್ಟರ್ ಹೊರತಂದ. ಲಕ್ಷಾಂತರ ಜನ ತಂತಮ್ಮ ಕಂಪ್ಯೂಟರಿನಲ್ಲಿದ್ದ ಹಾಡುಗಳನ್ನು ಒಬ್ಬರಿಗೊಬ್ಬರು ಬಿಟ್ಟಿಯಾಗಿ ಕೊಟ್ಟುಕೊಳ್ಳತೊಡಗಿದರು.

ಇಲ್ಲಿ ಲೆಕ್ಕವನ್ನು ನೆಟ್ಟಗೆ ಬರೆಯಬೇಕು. ಕಂಪನಿಗಳಿಗೆ ನಷ್ಟವಾಗಲಿಲ್ಲ ಎನ್ನುವವರಲ್ಲಿ ನಾನಿಲ್ಲ. ಅಮೆರಿಕದಲ್ಲಿ ಮುದ್ರಿತ ಸಂಗೀತದ ಆದಾಯ 1999ರಲ್ಲಿ ಸುಮಾರು 1,460 ಕೋಟಿ ಡಾಲರ್ ಇತ್ತು. ಹದಿನೈದು ವರ್ಷದಲ್ಲಿ ಅದು ಅರ್ಧಕ್ಕೂ ಕೆಳಗಿಳಿಯಿತು. ರೆಕಾರ್ಡ್ ಅಂಗಡಿಗಳು ಮುಚ್ಚಿದವು, ವಾದ್ಯ ನುಡಿಸುವವರು ಕೆಲಸ ಕಳೆದುಕೊಂಡರು. ಬಿಟ್ಟಿ ಹಾಡು ಯಾರದೋ ಅನ್ನವೇ. ಆದರೆ ಕಂಪನಿಗಳು ನಕಲಾದ ಒಂದೊಂದು ಹಾಡನ್ನೂ ಮಾರಾಟವಾಗದೆ ಹೋದ ಹಾಡು ಎಂದು ಲೆಕ್ಕ ಹಿಡಿದವು. ಬಾರದ ಲಾಭವನ್ನು ನಷ್ಟದ ಖಾತೆಗೆ ಬರೆದುಕೊಂಡು ಬಂದ ಕಕ್ಷಿದಾರನಿಗೆ ನಾನು ಸಹಿ ಹಾಕಿಕೊಡುವುದಿಲ್ಲ. ಬಿಟ್ಟಿ ಸಿಕ್ಕಿದ್ದಕ್ಕೆ ನೂರು ಹಾಡು ತುಂಬಿಕೊಂಡ ವಿದ್ಯಾರ್ಥಿ ನೂರನ್ನೂ ಕೊಳ್ಳುತ್ತಿದ್ದನೆಂದು ಯಾವ ರಸೀದಿ ಹೇಳುತ್ತದೆ?

ಖಾತೆಯ ಇನ್ನೊಂದು ಬದಿಯೂ ಇದೆ. ಜನರಿಗೆ ಬೇಕಾಗಿದ್ದದ್ದು ಒಂದು ಹಾಡು, ಅಂಗಡಿಯಲ್ಲಿದ್ದದ್ದು ಹದಿನೈದು ಡಾಲರಿನ ಸಿಡಿ. ನ್ಯಾಪ್‌ಸ್ಟರ್ ಗದ್ದಲದ ನಡುವೆಯೇ, 2000ದ ಮೇ ತಿಂಗಳಲ್ಲಿ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ ಐದು ದೊಡ್ಡ ಕಂಪನಿಗಳೊಡನೆ ಒಂದು ರಾಜಿ ಮಾಡಿಕೊಂಡಿತು. ಅಂಗಡಿಗಳು ಸಿಡಿಯ ಬೆಲೆಯನ್ನು ಇಳಿಸಿ ಜಾಹೀರಾತು ಕೊಡದಂತೆ ಈ ಕಂಪನಿಗಳು ಕಟ್ಟಿಹಾಕಿದ್ದವು, ಇದರಿಂದ ಮೂರು ವರ್ಷದಲ್ಲಿ ಗಿರಾಕಿಗಳು 48 ಕೋಟಿ ಡಾಲರಿನಷ್ಟು ಹೆಚ್ಚಿಗೆ ತೆತ್ತಿರಬಹುದು ಎಂಬುದು ಆಯೋಗದ ಅಂದಾಜು. ತಪ್ಪೊಪ್ಪಿಕೊಳ್ಳದೆಯೇ ಕಂಪನಿಗಳು ಆ ಪದ್ಧತಿ ಬಿಟ್ಟವು. ಗಿರಾಕಿಯನ್ನು ಕಳ್ಳ ಎನ್ನುತ್ತಿದ್ದ ಹೊತ್ತಿನಲ್ಲೇ ಗಿರಾಕಿಯ ಜೇಬಿನ ಲೆಕ್ಕ ಹೀಗಿತ್ತು.

2001ರ ಜುಲೈನಲ್ಲಿ ನ್ಯಾಪ್‌ಸ್ಟರ್ ಬಾಗಿಲು ಹಾಕಿತು. ನ್ಯಾಯಾಲಯದಲ್ಲಿ ಗೆದ್ದ ಕಂಪನಿಗಳಿಗೆ ಅಂಗಡಿ ತೆರೆಯಲು ಇದಕ್ಕಿಂತ ಒಳ್ಳೆಯ ಮುಹೂರ್ತವಿರಲಿಲ್ಲ. ಡಿಸೆಂಬರಿನಲ್ಲಿ ತೆರೆದವು ಕೂಡ. ಆದರೆ ಎರಡು ಬಣಗಳಾಗಿ, ಮ್ಯೂಸಿಕ್‌ನೆಟ್ ಮತ್ತು ಪ್ರೆಸ್‌ಪ್ಲೇ ಎಂಬ ಎರಡು ಅಂಗಡಿಗಳನ್ನು ತೆರೆದವು. ಇವರ ಹಾಡು ಅಲ್ಲಿಲ್ಲ, ಅವರ ಹಾಡು ಇಲ್ಲಿಲ್ಲ. ಮ್ಯೂಸಿಕ್‌ನೆಟ್‌ಗೆ ತಿಂಗಳಿಗೆ ಹತ್ತು ಡಾಲರ್ ಕೊಟ್ಟು ಇಳಿಸಿಕೊಂಡ ನೂರು ಹಾಡು ಮೂವತ್ತು ದಿನಕ್ಕೆ ಮೂಕವಾಗುತ್ತಿದ್ದವು. ಪ್ರೆಸ್‌ಪ್ಲೇಯಲ್ಲಿ ಕೆಲವು ಹಾಡುಗಳನ್ನು ಸಿಡಿಗೆ ಬರೆದುಕೊಳ್ಳಬಹುದಿತ್ತು, ಆದರೆ ಒಬ್ಬ ಗಾಯಕನವು ತಿಂಗಳಿಗೆ ಎರಡು ಮಾತ್ರ. ಕಾಸು ಹಿಡಿದು ಬಂದವನಿಗೆ ಹೀಗೆ ಅಳೆದು ಸುರಿದರೆ ಅವನು ಎಲ್ಲಿಗೆ ಹೋದಾನು? ನ್ಯಾಪ್‌ಸ್ಟರಿನ ಜಾಗದಲ್ಲಿ ಆಗಲೇ ಹುಟ್ಟಿಕೊಂಡಿದ್ದ ಇನ್ನೊಂದು ಡಜನ್ ಬಿಟ್ಟಿ ಜಾಲಗಳಿಗೆ ಹೋದ.

ಕಡೆಗೆ ಅಂಗಡಿ ತೆರೆದವರು ಕಂಪ್ಯೂಟರ್ ಮಾಡುವವರು. 2003ರ ಏಪ್ರಿಲ್ 28ರಂದು ಆಪಲ್ ಕಂಪನಿ ಎರಡು ಲಕ್ಷ ಹಾಡುಗಳನ್ನು, ಹಾಡೊಂದಕ್ಕೆ 99 ಸೆಂಟಿನಂತೆ ಮಾರಾಟಕ್ಕಿಟ್ಟಿತು. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಮಾರಿದವು. ಬಿಟ್ಟಿ ಸಿಗುವಾಗ ಯಾರು ಕಾಸು ಕೊಡುತ್ತಾರೆ ಎಂಬ ಪ್ರಶ್ನೆಗೆ ಒಂದು ವಾರದಲ್ಲಿ ಉತ್ತರ ಸಿಕ್ಕಿತ್ತು. ಆದರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿಗಳ ಸಂಘ 261 ಮಂದಿ ಜನಸಾಮಾನ್ಯರ ಮೇಲೆ ಮೊಕದ್ದಮೆ ಹೂಡಿತು. ಅವರಲ್ಲಿ ನ್ಯೂಯಾರ್ಕಿನ ಹನ್ನೆರಡು ವರ್ಷದ ಹುಡುಗಿಯೊಬ್ಬಳೂ ಇದ್ದಳು. ಎರಡು ಸಾವಿರ ಡಾಲರಿಗೆ ರಾಜಿಯಾಯಿತು. ಇಂಥ ಮೊಕದ್ದಮೆಗಳನ್ನು ನಿಲ್ಲಿಸುತ್ತೇವೆಂದು ಅವರು ಹೇಳಿದ್ದು 2008ರ ಕೊನೆಗೆ, ಸಾವಿರಾರು ಮನೆಗಳಿಗೆ ನೋಟೀಸು ಹೋದ ಮೇಲೆ.

ಈ ಎಲ್ಲದರ ನಡುವೆ ಕೊಂಡವನ ಪಾಡು ಏನಾಯಿತು ಎಂಬುದೇ ನನ್ನ ಮುಖ್ಯ ಪ್ರಶ್ನೆ. ಕಂಪ್ಯೂಟರಿನಲ್ಲಿ ಓಡದ ಸಿಡಿಗಳು ಬಂದವು. 2002ರಲ್ಲಿ ಅಂಥ ಒಂದು ಬೀಗವನ್ನು ಜನ ಡಿಸ್ಕಿನ ಅಂಚಿಗೆ ಮಾರ್ಕರ್ ಪೆನ್ನಿನ ಗೆರೆ ಎಳೆದು ಮುರಿದರು. ಕಳ್ಳನಿಗೆ ಪೆನ್ನು ಸಾಕಾಯಿತು. ನಿಯತ್ತಿನವನ ಕಾರಿನಲ್ಲಿ ಸಿಡಿ ತೊದಲಿತು.

ಎಲ್ಲಕ್ಕಿಂತ ಕೆಟ್ಟದ್ದು 2005ರದು. ಸೋನಿ ಬಿಎಂಜಿ ಕಂಪನಿಯ ಕೆಲವು ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದರೆ, ಕೇಳದೆ ಒಂದು ತಂತ್ರಾಂಶ ಒಳಗೆ ಸೇರಿ, ಬಚ್ಚಿಟ್ಟುಕೊಳ್ಳುತ್ತದೆ ಎಂದು ಆ ಅಕ್ಟೋಬರಿನಲ್ಲಿ ಮಾರ್ಕ್ ರುಸಿನೋವಿಚ್ ಎಂಬ ತಂತ್ರಜ್ಞ ಪತ್ತೆ ಹಚ್ಚಿದ. ಅದು ಅಡಗಿದ ಬಿಲದಲ್ಲೇ ವೈರಸ್ಸುಗಳೂ ಅಡಗಬಹುದಿತ್ತು, ಅಡಗಿದವು ಕೂಡ. 52 ಆಲ್ಬಂಗಳನ್ನು ಕಂಪನಿ ಹಿಂದಕ್ಕೆ ತರಿಸಿಕೊಂಡಿತು. ಅಷ್ಟರಲ್ಲಿ ಸುಮಾರು ಇಪ್ಪತ್ತು ಲಕ್ಷ ಡಿಸ್ಕ್‌ಗಳು ಮಾರಾಟವಾಗಿದ್ದವು. ಗಿರಾಕಿಗೆ ಸಿಕ್ಕ ಪರಿಹಾರ ಹೊಸ ಸಿಡಿ, ಜತೆಗೆ ಏಳೂವರೆ ಡಾಲರ್ ಮತ್ತು ಒಂದು ಆಲ್ಬಂ, ಇಲ್ಲವೇ ಹಣದ ಬದಲು ಮೂರು ಆಲ್ಬಂ. ಬಿಟ್ಟಿ ಇಳಿಸಿಕೊಂಡವನ ಕಂಪ್ಯೂಟರಿಗೆ ಇದರಿಂದ ಏನೂ ಆಗಲಿಲ್ಲ. ಕಾಸು ಕೊಟ್ಟವನ ಮನೆಗೇ ಕನ್ನ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಮ್ಮ ಕಡೆ ಹೇಳುವುದು ಇದಕ್ಕೇ.

ಇದು ಬೀಟಾಮ್ಯಾಕ್ಸ್ ಪರವಾಗಿ ಎಂಟು ವರ್ಷ ಹೋರಾಡಿದ ಅದೇ ಸೋನಿಯ ಮನೆತನ. ನಡುವೆ ಏನಾಯಿತು? 1988ರಲ್ಲಿ ಅದು ಸಿಬಿಎಸ್ ರೆಕಾರ್ಡ್ಸ್ ಕೊಂಡಿತ್ತು, 1989ರಲ್ಲಿ ಕೊಲಂಬಿಯಾ ಪಿಕ್ಚರ್ಸ್. ಯಂತ್ರ ಮಾರುವವನು ಹಾಡು ಮಾರುವವನೂ ಆಗಿದ್ದ. ವಾಕ್‌ಮನ್ ಮಾಡಿ ಜಗತ್ತು ಗೆದ್ದ ಕಂಪನಿಯ ಡಿಜಿಟಲ್ ವಾಕ್‌ಮನ್‌ಗಳು 2004ರ ತನಕ ಎಂಪಿ3 ಕಡತವನ್ನು ನೇರವಾಗಿ ನುಡಿಸುತ್ತಿರಲಿಲ್ಲ. ಆ ಜಾಗದಲ್ಲಿ ಐಪಾಡ್ ಬಂದು ಕೂತಿತು. ಕೆಟ್ಟವರು, ಒಳ್ಳೆಯವರು ಎಂದು ಕಂಪನಿಗಳನ್ನು ವಿಂಗಡಿಸಲು ಹೊರಟರೆ ಪ್ರಯೋಜನವಿಲ್ಲ. ಆಸ್ತಿಪಟ್ಟಿಯಲ್ಲಿ ಏನಿದೆಯೋ ಅದನ್ನು ಕಾಯುವುದೇ ಅವುಗಳ ಧರ್ಮ.

2007ರಲ್ಲಿ ಇಎಂಐ ಬೀಗವಿಲ್ಲದ ಹಾಡು ಮಾರಲು ಒಪ್ಪಿತು. 2009ರ ಜನವರಿಯಲ್ಲಿ ಆಪಲ್ ಅಂಗಡಿಯ ಎಲ್ಲ ಹಾಡುಗಳ ಬೀಗವೂ ಹೋಗುವುದೆಂದು ಘೋಷಣೆಯಾಯಿತು. ನ್ಯಾಪ್‌ಸ್ಟರ್ ಬಂದು ಹತ್ತು ವರ್ಷ. ಈ ಹತ್ತು ವರ್ಷವೇ ನಿಜವಾದ ನಷ್ಟ ಎಂದು ನನ್ನ ಲೆಕ್ಕ. ಯಂತ್ರ ಬಂದ ದಿನಕ್ಕೂ ಸರಿಯಾದ ಅಂಗಡಿ ತೆರೆದ ದಿನಕ್ಕೂ ನಡುವಿನ ಅಂತರದಲ್ಲಿ ಒಂದು ಪೀಳಿಗೆ ಬಿಟ್ಟಿಯ ರುಚಿ ಹಿಡಿಯಿತು. 1909ರಲ್ಲಿ ಎರಡು ಸೆಂಟಿಗೆ ಮುಗಿದ ಜಗಳಕ್ಕೆ ಈ ಸಲ ಒಂದು ದಶಕ ಬೇಕಾಯಿತು.

ಡಿಸ್ಕ್‌ನ ಬೀಗವಾದರೋ ಕಾನೂನಿನ ಕಾವಲಿನಲ್ಲಿ ಉಳಿಯಿತು. ಅಮೆರಿಕದ 1998ರ ಕಾಯಿದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಬೀಗ ಮುರಿಯುವುದೇ ತಪ್ಪು, ಡಿಸ್ಕ್ ನಿಮ್ಮದೇ ಆಗಿದ್ದರೂ. ಭಾರತ 2012ರಲ್ಲಿ ತನ್ನ ಕೃತಿಸ್ವಾಮ್ಯ ಕಾಯಿದೆಗೆ ಇಂಥದೇ ಕಲಮು ಸೇರಿಸಿದಾಗ ತುಸು ವಿವೇಕ ತೋರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಅಪರಾಧ, ಕಾಯಿದೆ ನಿಷೇಧಿಸದ ಕೆಲಸಕ್ಕಾದರೆ ಅಲ್ಲ. ನಮ್ಮ ಸಂಸತ್ತಿನ ಆ ಎರಡು ಸಾಲು ಓದಿ ನನಗೆ ಊರಿನ ಬಗ್ಗೆ ಹೆಮ್ಮೆಯಾಯಿತು.

ಈಗ ಡಿಸ್ಕ್‌ಗಳ ಕಾಲ ಮುಗಿಯಿತು, ಪ್ರದೇಶದ ಬೀಗ ಮುಗಿದಿಲ್ಲ. ಹೊಸ ಕನ್ನಡ ಸಿನಿಮಾ ಮನೆಯಲ್ಲೇ ನೋಡಿದೆ ಎಂದು ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಅದೇ ಸೇವೆಗೆ ಇಲ್ಲಿ ಡಾಲರಿನಲ್ಲಿ ಚಂದಾ ಕಟ್ಟುವ ನಾನು ಹುಡುಕಿದರೆ, ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂಬ ಸಾಲು ಬರುತ್ತದೆ. ಅರ್ಧ ಗಂಟೆಯಲ್ಲಿ ಯಾರೋ ಗೆಳೆಯರು ವಾಟ್ಸಾಪ್ ಗುಂಪಿನಲ್ಲಿ ಕಳ್ಳಪ್ರತಿಯ ಕೊಂಡಿ ಹಾಕುತ್ತಾರೆ. ಅದನ್ನು ಒತ್ತಬೇಡ ಎಂದು ಮಗಳಿಗೆ ಹೇಳುವಾಗ ನನ್ನ ದನಿಯಲ್ಲಿ ಮೊದಲಿನ ಗಟ್ಟಿತನ ಇಲ್ಲ ಎಂಬುದು ನನಗೇ ಗೊತ್ತಾಗುತ್ತದೆ.

ಹಕ್ಕು ಮಾರುವಾಗ ದೇಶ ದೇಶಕ್ಕೆ ಬೇರೆ ಒಪ್ಪಂದ, ಬೇರೆ ಬೆಲೆ ಇರುತ್ತದೆ, ಒಪ್ಪಂದಗಳನ್ನು ಓದುವ ವೃತ್ತಿಯವನಾಗಿ ಅದು ನನಗೆ ಅರ್ಥವಾಗುತ್ತದೆ. ಆದರೆ ನಮ್ಮದು ಸಣ್ಣ ಮಾರುಕಟ್ಟೆ. ಹೊರನಾಡಿನಲ್ಲಿ ಕಾಸು ಹಿಡಿದು ನಿಂತ ಕನ್ನಡದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿದರೆ, ಅವನು ಹಿತ್ತಿಲಿನಿಂದ ಬರುತ್ತಾನೆ, ಇಲ್ಲವೇ ಬೇರೆ ಭಾಷೆಯ ಅಂಗಡಿಗೆ ಹೋಗುತ್ತಾನೆ. ಅವನ ಮಕ್ಕಳಂತೂ ಖಂಡಿತ ಹೋಗುತ್ತಾರೆ. ಹಾಲಿವುಡ್ಡಿಗೆ ಹತ್ತು ವರ್ಷ ಕಳೆದುಕೊಳ್ಳುವ ಶಕ್ತಿ ಇತ್ತು. ಕನ್ನಡಕ್ಕೆ ಅಷ್ಟು ಬಂಡವಾಳವಿಲ್ಲ.