ಆಲೇಖಗಳಲ್ಲಿ ರೇಖೀಯ ಮಾನ: ಮೈಸೂರಿನ ಕ್ಷಾಮಗಣತಿಯ ನಿದರ್ಶನದಿಂದ ಒಂದು ವಿಚಾರ

ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದುದು 1881ರ ಗಣತಿಯ ವೇಳೆಗೆ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. 1876-78ರ ಮಹಾಕ್ಷಾಮವೇ, ಎಂದರೆ ನಮ್ಮ ಹಿರಿಯರು ಧಾತು-ಈಶ್ವರ ಬರವೆಂದು ಕರೆಯುತ್ತಿದ್ದ ಆ ದುರ್ದಿನಗಳೇ, ಇದಕ್ಕೆ ಕಾರಣವೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಈ ಅಂಕಿಗಳನ್ನು ಜಾಲಪುಟದಲ್ಲಿ ಆಲೇಖವಾಗಿ ಬಿಡಿಸುವಂತೆ ನಮ್ಮ ವಿದ್ಯಾರ್ಥಿಗಳಿಗೆ ಹೇಳಿದ್ದೆವು. ಚಿತ್ರ ಅಚ್ಚುಕಟ್ಟಾಗಿ ಬಂದಿತು. ಆದರೆ ಅದರ ಕೆಳಗೆ ಒಬ್ಬರು, ಜನಸಂಖ್ಯೆಯು ಹತ್ತು ವರ್ಷಗಳ ಕಾಲ ಕ್ರಮೇಣ ಇಳಿಯುತ್ತ ಹೋಯಿತು ಎಂದು ಬರೆದಿದ್ದರು. ಅಂಕಿಗಳಲ್ಲಿ ತಪ್ಪಿರಲಿಲ್ಲ, ಚಿತ್ರದಲ್ಲಿಯೂ ತಪ್ಪಿರಲಿಲ್ಲ. ವಾಕ್ಯ ಮಾತ್ರ ಸುಳ್ಳಾಗಿತ್ತು. ಈ ದೋಷದ ಮೂಲವೆಲ್ಲಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ಯತ್ನಿಸಿದ್ದೇವೆ. ಆಲೇಖವನ್ನು ಓದುವ ಕ್ರಮವನ್ನು ನಾವೇ ಮೊದಲು ಹೇಳಿಕೊಡದಿದ್ದುದೂ ಆ ದೋಷದಲ್ಲಿ ಸೇರಿದೆಯೆಂದು ಒಪ್ಪಿಕೊಳ್ಳಬೇಕು.

ರೇಖೀಯ ಮಾನವೆಂದರೆ ಸಮಾನ ಪರಿಮಾಣಕ್ಕೆ ಸಮಾನ ದೂರವನ್ನು ಕೊಡುವ ಅಳತೆ. ತೆರೆಯ ಮೇಲಿನ ಚಿತ್ರದ ಎತ್ತರ 600 ಬಿಂದುಗಳೆಂದೂ, ತೋರಿಸಬೇಕಾದ ಸಂಖ್ಯೆ ಸೊನ್ನೆಯಿಂದ 60 ಲಕ್ಷದವರೆಗೆ ಎಂದೂ ಇಟ್ಟುಕೊಂಡರೆ ಪ್ರತಿ ಲಕ್ಷಕ್ಕೆ 10 ಬಿಂದುಗಳು ದೊರೆಯುತ್ತವೆ. 1871ರ ಗುರುತು ತಳದಿಂದ ಸುಮಾರು 505 ಬಿಂದುಗಳ ಎತ್ತರದಲ್ಲಿಯೂ, 1881ರದು ಸುಮಾರು 419ರಲ್ಲಿಯೂ ನಿಲ್ಲುತ್ತದೆ. ಗಣಕಯಂತ್ರದ ತೆರೆಯಲ್ಲಿ ಎಣಿಕೆ ಮೇಲಿನಿಂದ ಕೆಳಕ್ಕೆ ನಡೆಯುವುದರಿಂದ ಸೊನ್ನೆಯನ್ನು 600ಕ್ಕೂ, 60 ಲಕ್ಷವನ್ನು ಸೊನ್ನೆಗೂ ಹೊಂದಿಸಬೇಕಾಗುತ್ತದೆ. ಇದನ್ನು ಮರೆತವರ ಚಿತ್ರ ತಲೆಕೆಳಗಾಗಿ ಬರುತ್ತದೆ. 2011ರಲ್ಲಿ ಹೊರಬಂದು ಬಹಳ ಬಳಕೆಗೆ ಬಂದ ಡಿ3 ಎಂಬ ಸಾಧನದಲ್ಲಿ ಮೊದಲನೆಯ ವ್ಯಾಪ್ತಿಗೆ ಡೊಮೇನ್ ಎಂದೂ, ಎರಡನೆಯದಕ್ಕೆ ರೇಂಜ್ ಎಂದೂ ಹೆಸರು. ಇವೆರಡನ್ನೂ ಹೇಳಿದ ಮೇಲೆ ಮಾನದ ಕೆಲಸ ಕೇವಲ ಗುಣಿಸುವುದು ಮತ್ತು ಕೂಡುವುದು.

ಈ ಕಲ್ಪನೆ ಹೊಸದಲ್ಲ. ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಪ್ರಕಟಿಸಿದ ಜೀವನಚರಿತ್ರೆಗಳ ಪಟದಲ್ಲಿ ಕ್ರಿ. ಪೂ. 1200ರಿಂದ ಕ್ರಿ. ಶ. 1800ರವರೆಗಿನ ಕಾಲವನ್ನು ಸಮಾನ ಅಂತರಗಳಲ್ಲಿ ಹಾಸಿ, ಸುಮಾರು ಎರಡು ಸಾವಿರ ಪ್ರಸಿದ್ಧ ಪುರುಷರ ಆಯುಸ್ಸನ್ನು ಗೆರೆಗಳಾಗಿ ತೋರಿಸಿದನು. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ತನ್ನ ವಾಣಿಜ್ಯ ಮತ್ತು ರಾಜಕೀಯ ಪಟಸಂಪುಟದಲ್ಲಿ ಕಾಲವನ್ನು ಅಡ್ಡಲಾಗಿಯೂ ಹಣವನ್ನು ಲಂಬವಾಗಿಯೂ ಅಳೆದು, ಆಮದು ರಫ್ತುಗಳ ಏರಿಳಿತವನ್ನು ರೇಖೆಗಳಿಂದ ನಿರೂಪಿಸಿದನು. ಈಸ್ಟ್ ಇಂಡೀಸ್‌ನೊಡನೆ ಇಂಗ್ಲೆಂಡ್ ನಡೆಸಿದ ವ್ಯಾಪಾರವೂ ಅಲ್ಲಿ ಚಿತ್ರಿತವಾಗಿದೆ. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಹೆಚ್ಚು ಉಪಯುಕ್ತವಾದುದು ಆ ಸಂಪುಟದ ಇನ್ನೊಂದು ಚಿತ್ರ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವನಿಗೆ 1780-81ರ ಒಂದೇ ವರ್ಷದ ಅಂಕಿಗಳು ದೊರೆತಿದ್ದವು. ಆಗ ಅವನು ರೇಖೆಯನ್ನೆಳೆಯಲಿಲ್ಲ. ದೇಶದೇಶಗಳ ಹೆಸರಿನೆದುರು ಪಟ್ಟಿಗಳನ್ನು ಬಿಡಿಸಿ ತೃಪ್ತನಾದನು. ಕಾಲದ ಮಾಹಿತಿಯಿಲ್ಲದ ಕಡೆ ಕಾಲದ ರೇಖೆ ಸಲ್ಲದೆಂಬ ಈ ಸಂಯಮವನ್ನು ನಾವು ಮರೆತಿದ್ದೇವೆ.

ವಿದ್ಯಾರ್ಥಿಯ ವಾಕ್ಯದ ದೋಷ ಇಲ್ಲಿಯೇ ಇದೆ. ರೇಖೀಯ ಮಾನವು ಎರಡು ಗುರುತುಗಳನ್ನು ಅವುಗಳ ಸ್ಥಾನದಲ್ಲಿ ನಿಲ್ಲಿಸುತ್ತದೆಯೇ ಹೊರತು, ಅವುಗಳ ನಡುವೆ ಏನು ನಡೆಯಿತೆಂಬುದನ್ನು ಹೇಳುವುದಿಲ್ಲ. ಗುರುತುಗಳನ್ನು ನೇರಗೆರೆಯಿಂದ ಜೋಡಿಸುವುದು ಬೇರೆಯೇ ಒಂದು ಕ್ರಿಯೆ. ಸಾಧನಗಳು ಅದನ್ನು ಕೇಳದೆಯೇ ಮಾಡಿಬಿಡುವುದರಿಂದ ಎರಡೂ ಒಂದೇ ಎಂಬ ಭ್ರಾಂತಿ ಹುಟ್ಟುತ್ತದೆ. ಆ ಗೆರೆಯ ಪ್ರಕಾರ 1874ರಲ್ಲಿಯೂ, 1880ರಲ್ಲಿಯೂ ಮೈಸೂರು ವರ್ಷಕ್ಕೆ ಸುಮಾರು 87 ಸಾವಿರ ಜನರನ್ನು ಕಳೆದುಕೊಂಡಿರಬೇಕು. ವಾಸ್ತವವಾಗಿ ಸಾವು ಕ್ಷಾಮದ ವರ್ಷಗಳಲ್ಲಿ ಗುಂಪಾಗಿ ಬಂದಿತು. ಹತ್ತು ವರ್ಷಗಳ ಇಳಿಜಾರಾಗಿ ಕಾಣುವುದು ನಿಜದಲ್ಲಿ ಒಂದು ಕಮರಿ. ಕ್ಷಾಮವನ್ನು ನಿಧಾನವಾದ ಇಳಿಮುಖವೆಂದು ಓದಿದವನು ಮಳೆಯ ವೈಫಲ್ಯ, ಧಾನ್ಯದ ಬೆಲೆ, ಸರ್ಕಾರದ ಪರಿಹಾರನೀತಿ ಇವುಗಳ ವಿಚಾರಣೆಗೆ ಹೋಗುವುದೇ ಇಲ್ಲ.

ಡೊಮೇನಿನ ಆಯ್ಕೆಯಿಂದ ಒದಗುವ ಕಷ್ಟ ಇನ್ನೊಂದು ಬಗೆಯದು. ಇಂದಿನ ಭಾರತದ ಎಲ್ಲೆಗೆ ಹೊಂದಿಸಿದ ಅಂಕಿಗಳಂತೆ 1911ರ ಜನಸಂಖ್ಯೆ 25.21 ಕೋಟಿ, 1921ರದು 25.13 ಕೋಟಿ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಅವಿಭಕ್ತ ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. ಅದಕ್ಕೆ ಹಿಂದಿನ ವರ್ಷಗಳ ವೃದ್ಧಿಯೂ ಲೆಕ್ಕಕ್ಕೆ ಸೇರುವುದರಿಂದ ಗಣತಿಯಲ್ಲಿ ಉಳಿದ ವ್ಯತ್ಯಾಸ ಕೇವಲ ಸುಮಾರು 8 ಲಕ್ಷ. 2011ರ 121 ಕೋಟಿಯನ್ನೂ ಒಳಗೊಳ್ಳುವಂತೆ ಸೊನ್ನೆಯಿಂದ 150 ಕೋಟಿಯವರೆಗೆ ಅದೇ 600 ಬಿಂದುಗಳ ಮಾನವನ್ನಿಟ್ಟರೆ ಒಂದು ಕೋಟಿಗೆ 4 ಬಿಂದುಗಳು. ಮಹಾಮಾರಿಯ ದಶಕದ ಇಳಿತ ಒಂದು ಬಿಂದುವಿನ ಮೂರನೆಯ ಒಂದು ಭಾಗದಷ್ಟಾಗಿ ಕಣ್ಣಿಗೇ ಬೀಳುವುದಿಲ್ಲ. ಪ್ರತಿಯಾಗಿ 25ರಿಂದ 25.3 ಕೋಟಿಯವರೆಗೆ ಮಾತ್ರ ಮಾನವನ್ನು ಹಿಡಿದರೆ ಅದೇ ವ್ಯತ್ಯಾಸ ಸುಮಾರು 160 ಬಿಂದುಗಳ ಪ್ರಪಾತವಾಗುತ್ತದೆ. ಎರಡೂ ಚಿತ್ರಗಳು ಗಣಿತದ ದೃಷ್ಟಿಯಿಂದ ಶುದ್ಧ. ಪಟ್ಟಿಯ ಉದ್ದವೇ ಪರಿಮಾಣವಾಗಿರುವ ಚಿತ್ರದಲ್ಲಿ ಮಾನವು ಸೊನ್ನೆಯಿಂದಲೇ ಆರಂಭವಾಗಬೇಕು. ರೇಖೆಯ ಚಿತ್ರದಲ್ಲಿ ಆ ನಿರ್ಬಂಧವಿಲ್ಲ, ಆದರೆ ಎಲ್ಲಿಂದ ಆರಂಭಿಸಿದೆವೆಂಬುದನ್ನು ಓದುಗನಿಗೆ ಹೇಳಲೇಬೇಕೆಂಬುದು ನಮ್ಮ ಅಭಿಪ್ರಾಯ. ವೃದ್ಧಿಯ ದರವನ್ನೇ ಹೋಲಿಸಬೇಕಾದವರಿಗೆ ಲಾಗರಿದಮ್ ಮಾನ ಉಚಿತ. ಜೆವನ್ಸ್ 1863ರಲ್ಲಿಯೇ ಬೆಲೆಗಳಿಗೆ ಅದನ್ನು ಬಳಸಿದ್ದನು. ಅದರ ವಿಚಾರ ಇಲ್ಲಿ ಬೇಡ.

ಕಾಲದ ಅಕ್ಷದ ಬಗ್ಗೆ ಒಂದು ಮಾತು. ವರ್ಷಗಳನ್ನು ಸಂಖ್ಯೆಗಳೆಂದು ತಿಳಿಸದೆ ಬರಿಯ ಹೆಸರುಗಳೆಂದು ಕೊಟ್ಟರೆ ಸಾಧನವು ಅವೆಲ್ಲವನ್ನೂ ಸಮದೂರದಲ್ಲಿ ಕೂರಿಸುತ್ತದೆ. ದಶವಾರ್ಷಿಕ ಗಣತಿಗಳಲ್ಲಿ ಈ ತಪ್ಪು ಬಯಲಾಗುವುದಿಲ್ಲ. ಆದರೆ 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ನಡೆಯದೆ 2027ಕ್ಕೆ ಗೊತ್ತುಮಾಡಲ್ಪಟ್ಟಿತು. ಆ ಹದಿನಾರು ವರ್ಷಗಳನ್ನು ಹತ್ತರ ಜಾಗದಲ್ಲಿ ತುರುಕಿದರೆ ವೃದ್ಧಿಯು ಇಲ್ಲದ ಕಡಿದನ್ನು ಪಡೆಯುತ್ತದೆ.

ಮೈಸೂರಿನ ಆಲೇಖವನ್ನು ನಮ್ಮ ತರಗತಿಯಲ್ಲಿ ಮತ್ತೆ ಬಿಡಿಸಲಾಯಿತು. 1871, 1881, 1891, 1901ರ ನಾಲ್ಕು ಗುರುತುಗಳನ್ನು ಜೋಡಿಸದೆ ಬಿಡಿಯಾಗಿಯೇ ಉಳಿಸಿ, 1876ರಿಂದ 1878ರವರೆಗಿನ ಅಂತರವನ್ನು ಮೇಲಿನಿಂದ ಕೆಳಗಿನವರೆಗೆ ಬೂದುಬಣ್ಣದ ಪಟ್ಟಿಯಿಂದ ತುಂಬಿ, ಅದರ ಮೇಲೆ ಧಾತು, ಈಶ್ವರ ಎಂದು ಬರೆಸಿದೆವು.